ತಗ್ಗಿನ ಉಯ್ಯಾಲೆ

ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಏಣಿಯ ಮೇಲೆ ನಿಂತಿದ್ದ ಫಿಟ್ಟರ್ ಸ್ಪ್ಯಾನರನ್ನು ಇನ್ನೊಮ್ಮೆ ಸಿಕ್ಕಿಸಿ ಎಳೆದ. ನಿಜ ಹೇಳಬೇಕೆಂದರೆ, ಅಷ್ಟೇನೂ ಜೋರಾಗಿ ಎಳೆಯಲಿಲ್ಲ.

ಕೆಳಗೆ ಏಣಿ ಹಿಡಿದಿದ್ದ ಮೇಸ್ತ್ರಿಗೆ ಅದು ತಿಳಿಯಿತು. "ಇಳಿದುಬಿಡಪ್ಪ. ನಾಳೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ."

"ಬೇಡ ಸಾರ್. ಇಳಿಸಿದೋನು ನಾನು, ಎತ್ತೋದೂ ನಾನೇ."

ಮೇಸ್ತ್ರಿ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ಮಾರುಕಟ್ಟೆಯ ಬೆನ್ನಿಗಿದ್ದ ಆ ಪುಟ್ಟ ಪಾರ್ಕಿನಲ್ಲಿ ಸಾಲಾಗಿ ಮೂರು ಉಯ್ಯಾಲೆ. ಕೊನೆಯದು ಮಾತ್ರ ತಗ್ಗು. ಹೋದ ವಾರ ಊರಿಗೆ ಹೊಸದಾಗಿ ಬಂದ ಮಗುವೊಂದು ಅದರಲ್ಲಿ ಕೂತು, ಕಾಲು ನೆಲಕ್ಕೆ ಸಿಕ್ಕಿ, ಮುಗ್ಗರಿಸಿ ಬಿದ್ದು ತುಟಿ ಹರಿದುಕೊಂಡಿತ್ತು. ಮೂರನ್ನೂ ಒಂದೇ ಮಟ್ಟಕ್ಕೆ ತನ್ನಿ ಅಂತ ಆಫೀಸಿನಿಂದ ಹೇಳಿದ್ದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವನಿಗೆ ಕಷ್ಟವಾಗಿದ್ದು. ಬೈಯಲು ಯಾರೂ ಇರಲಿಲ್ಲ.

ಅವನ ಮಗಳ ಎಡಗಾಲು ಹುಟ್ಟಿನಿಂದ ಗಿಡ್ಡ. ಉಯ್ಯಾಲೆಯಲ್ಲಿ ಕೂತರೆ ಬಲಗಾಲೂ ನೆಲಕ್ಕೆ ಎಟುಕುತ್ತಿರಲಿಲ್ಲ. ಯಾರಾದರೂ ಬಂದು ತಳ್ಳಲಿ ಅಂತ ಕಾಯಬೇಕಿತ್ತು, ಕಾಯುವುದೆಂದರೆ ಆ ಹುಡುಗಿಗೆ ಮೈ ಉರಿ. ಒಂದು ದಿನ ಅವನು ಯಾರನ್ನೂ ಕೇಳದೆ ಸರಪಳಿಗಳಿಗೆ ಎರಡೆರಡು ಕೊಂಡಿ ಹೆಚ್ಚಿಗೆ ಸೇರಿಸಿ ಹಲಗೆಯನ್ನು ಇಳಿಸಿದ. ಉಯ್ಯಾಲೆ ಕಟ್ಟಿದ ಮೇಲೆ ಮರಳಿನ ಚೀಲ ಕೂರಿಸಿ ತೂಗಿ ನೋಡದೆ ಅವನು ಯಾವ ಮಗುವನ್ನೂ ಹತ್ತಿಸುವವನಲ್ಲ. ಆವತ್ತು ಮಗಳು ಚೀಲವನ್ನು ಪಕ್ಕಕ್ಕೆ ತಳ್ಳಿ, "ಮರಳು ಯಾಕಪ್ಪಾ, ನಾನಿಲ್ವಾ?" ಅಂತ ಏರಿ ಕೂತುಬಿಟ್ಟಿದ್ದಳು.

"ನಿನ್ನ ತೂಕಕ್ಕೆ ನೊಣಾನೂ ಹೆದರಲ್ಲ ಕಣೆ," ಅಂತ ಅವಳಮ್ಮ ನಕ್ಕಿದ್ದಳು.

ಹೋದ ವರ್ಷ ಜ್ವರ ಬಂತು. ಮಗಳನ್ನು ಕರಕೊಂಡೇ ಹೋಯಿತು. ಊರಿನ ಮಕ್ಕಳು ಆ ಉಯ್ಯಾಲೆಯನ್ನು ಅವಳದೆಂದೇ ಬಿಟ್ಟುಬಿಟ್ಟರು.

ಆಮೇಲೆ ಹೆಂಡತಿ ಪಾರ್ಕಿನ ಕಡೆ ಸುಳಿಯಲೇ ಇಲ್ಲ. ಹೊಲಿದ ಬಟ್ಟೆ ಅಂಗಡಿಗೆ ಕೊಡಲು ಹೋಗುವಾಗಲೂ ಗೋದಾಮುಗಳ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಅವನು, "ಇವತ್ತು ಪಾರ್ಕಲ್ಲಿ ಕೆಲಸ. ಅದನ್ನ ಎತ್ತಿ ಕಟ್ಟಬೇಕಂತೆ," ಅಂದಿದ್ದ. ಹೊಲಿಗೆ ಮಿಷನ್ನಿನ ಸದ್ದು ನಿಂತಿತು. "ಕಟ್ಟಿ," ಅಂದಳು. ಮತ್ತೆ ಮಿಷನ್ನು ಓಡಿತು. ಊಟದ ಡಬ್ಬಿ ಕೊಡಲಿಲ್ಲ. ಅವನೂ ಕೇಳಲಿಲ್ಲ.

ಬೋಲ್ಟು ಕಿರುಗುಟ್ಟಿ ಸಡಿಲವಾಯಿತು. ಅಷ್ಟರಲ್ಲಿ ಗಿಡಗಳಿಗೆ ನೀರು ಹಾಕುವ ಮುದುಕಿ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದಳು. ಮಕ್ಕಳ ಕಾಲು ಉಜ್ಜಿ ಉಜ್ಜಿ ಉಯ್ಯಾಲೆಗಳ ಕೆಳಗೆ ಗುಂಡಿ ಬಿದ್ದಿತ್ತು. ಅದನ್ನೂ ಮುಚ್ಚಬೇಕಿತ್ತು. ಮೊದಲ ಎರಡರ ಕೆಳಗೆ ಮಣ್ಣು ಸುರಿದು ತುಳಿದು, ಮೂರನೆಯದರ ಬಳಿ ಬಂದು ನಿಂತಳು. ಅಲ್ಲಿ ಅಗಲವಾದ ಗುಂಡಿಯಿರಲಿಲ್ಲ. ಬಲಗಡೆಗೆ ಮಾತ್ರ ಒಂದು ಸಣ್ಣ ಉದ್ದನೆಯ ತಗ್ಗು, ಒಂದೇ ಕಾಲಿನದು.

ಮುದುಕಿ ಉಳಿದಿದ್ದ ಅರ್ಧ ಬುಟ್ಟಿ ಮಣ್ಣನ್ನು ಮತ್ತೆ ತಲೆಗೇರಿಸಿದಳು. "ಮಣ್ಣು ಸಾಲಲಿಲ್ಲ ಸಾರ್."

ಮೇಸ್ತ್ರಿ ಬುಟ್ಟಿ ನೋಡಿದರು. "ಹೌದೌದು, ಸಾಲಲ್ಲ. ಇನ್ನೊಂದಿನ ನೋಡೋಣ ಬಿಡಜ್ಜಿ," ಅಂದವರು, ಟೀ ಕುಡಿದು ಬರುವ ನೆಪ ಮಾಡಿ ಗೇಟಿನ ಕಡೆ ನಡೆದರು. ಗೇಟಿನಲ್ಲಿ ಯಾರಿಗೋ ದಾರಿ ಬಿಟ್ಟು ನಿಂತರು.

ಹೆಂಡತಿ. ಕೈಯಲ್ಲಿ ಡಬ್ಬಿ.

ಅವಳು ನೇರವಾಗಿ ಬಂದು ಡಬ್ಬಿಯನ್ನು ಹುಲ್ಲಿನ ಮೇಲಿಟ್ಟಳು. ನೆಲದ ಆ ಒಂಟಿ ತಗ್ಗನ್ನು ನೋಡಿದಳು. ಆಮೇಲೆ ಅವನಿಗೆ ಭಾರವಾಗದಂತೆ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವನು ಹೆಚ್ಚಿನ ಕೊಂಡಿಗಳನ್ನು ಬಿಚ್ಚಿ ಸರಪಳಿಗಳನ್ನು ಬಿಗಿದ.

"ಮಟ್ಟ ಬಂತಾ?" ಏಣಿಯಿಂದಲೇ ಕೇಳಿದ.

"ಬಂತು." ಅವಳು ಬಗ್ಗಿ ಹಲಗೆಯನ್ನು ನೋಡಿದಳು. "ಎಡಗಡೆ ಚೂರು... ಇಲ್ಲ, ಸರಿಯಾಗಿದೆ."

ಅವನು ಇಳಿದು, ಗೋಡೆಗೆ ಒರಗಿಸಿದ್ದ ಮರಳಿನ ಚೀಲದ ಕಡೆ ಹೊರಟ.

"ಮರಳು ಯಾಕೆ?" ಅಂದಳು ಹೆಂಡತಿ. "ನಾನಿದೀನಲ್ಲ."

ಅವನು ನಿಂತ. ತಿರುಗಿ ನೋಡುವ ಮೊದಲು ಕೈಯ ತುಕ್ಕನ್ನು ಪ್ಯಾಂಟಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅವಳು ಸರಪಳಿ ಹಿಡಿದು ಕೂತಳು. ಅವನು ಹಿಂದೆ ನಿಂತು ಮೆಲ್ಲಗೆ ತಳ್ಳಿದ. ಉಯ್ಯಾಲೆ ಮುಂದೆ ಹೋಗಿ ಹಿಂದೆ ಬಂತು, ಕೊಂಡಿಗಳು ಒಂದಕ್ಕೊಂದು ಉಜ್ಜಿ ಸಣ್ಣಗೆ ಸದ್ದು ಮಾಡಿದವು. ಅಷ್ಟು ಎತ್ತಿ ಕಟ್ಟಿದರೂ ದೊಡ್ಡವರ ಕಾಲು ನೆಲಕ್ಕೆ ತಾಗುತ್ತದೆ. ಅವಳು ಆ ಸಣ್ಣ ತಗ್ಗಿನ ಮೇಲೆ ಹಾಯುವಾಗಲೆಲ್ಲ ಎರಡೂ ಕಾಲನ್ನು ಮೇಲೆ ಎತ್ತಿ ಹಿಡಿಯುತ್ತಿದ್ದಳು.