ಅಕ್ಕ ಮನೆಗೆ ಹೊರಟದ್ದು

ಒಂದಾನೊಂದು ಪೇಟೆಯಲ್ಲಿ ಒಬ್ಬಳು ಅಕ್ಕ, ಒಬ್ಬಳು ತಂಗಿ. ಅಕ್ಕನಿಗೆ ಕಾಲು ಬಾರದು, ತಂಗಿಗೆ ಕೈ ಬಿಡುವಿರದು. ಈ ಕಥೆಯಲ್ಲಿ ರಾಜನೂ ಇಲ್ಲ, ಏಳು ಸಮುದ್ರದಾಚೆಯ ರಾಕ್ಷಸನೂ ಇಲ್ಲ. ಇರುವುದು ಕಡಿದಾದ ಮೆಟ್ಟಿಲಿನ ಒಂದು ಮನೆ, ಮತ್ತೆ ಅಕ್ಕನಿಗೆ ತಂಗಿ ಕೊಟ್ಟ ಒಂದು ಮಾತು. ಆ ಮಾತನ್ನು ನಡೆಸಿಕೊಡುವ ಶನಿವಾರ ಇನ್ನೇನು ಬಂತು ಅನ್ನುವಾಗ, ಒಂದು ಬೆಳಿಗ್ಗೆ, ತಂಗಿಯ ಫೋನು ಹತ್ತಿಯ ರಾಶಿಯೊಳಗೆಲ್ಲೋ ಬಡಿದುಕೊಳ್ಳತೊಡಗಿತು.

ತಂಗಿ ಹಾಸಿಗೆ ಅಂಗಡಿಯಲ್ಲಿ ಹೊಲಿಗೆ ಹಾಕುವವಳು. ಕೂದಲು, ಹುಬ್ಬು, ರೆಪ್ಪೆಗೆಲ್ಲ ಹತ್ತಿಯ ಎಳೆ ಅಂಟಿಕೊಂಡು ಅರುವತ್ತಕ್ಕೇ ಎಂಬತ್ತರವಳಂತೆ ಕಾಣುತ್ತಿದ್ದಳು. ದಬ್ಬಣವನ್ನು ಅರ್ಧ ಹೊಲಿದ ಹಾಸಿಗೆಗೆ ಚುಚ್ಚಿಟ್ಟು, ರಾಶಿಯೊಳಗೆ ಮೊಣಕೈವರೆಗೆ ಕೈಹಾಕಿ ಫೋನು ಎಳೆದಳು. ಪಕ್ಕದಲ್ಲಿ ಹತ್ತಿ ಹಿಂಜುವ ಯಂತ್ರ ಅರಚುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನು ಒತ್ತಿದಳು.

"ಆಶ್ರಮದಿಂದ ಮಾತಾಡ್ತಿರೋದು," ಎಂದಿತು ಹೊಸಬಳೊಬ್ಬಳ ತೆಳು ದನಿ. "ನಿಮ್ಮಕ್ಕ ಬೆಳಿಗ್ಗೆ ಮನೆಗೆ ಹೋದರು."

"ಮನೆಗಾ? ಶನಿವಾರ ಅಂತ ಹೇಳಿದ್ನಲ್ಲ ನಾನು."

"ಅದು ನಮ್ಮ ಕೈಲಿರುತ್ತಾ ಅಮ್ಮ? ಕರೆ ಬಂತು, ಹೊರಟರು."

"ಅವಳದ್ದೇ ಹಟ ಇರ್ಬೇಕು. ಹೊರಡ್ತೀನಿ ಅಂದ್ರೆ ಹೊರಟಳೇ. ಏನಾದ್ರೂ ತಿಂದ್ಲಾ?"

"ಒಂದು ಗುಟುಕು ನೀರು ಕುಡಿದರು, ಅಷ್ಟೇ. ತುಂಬ ಶಾಂತವಾಗಿ ಹೋದರು."

"ಗಲಾಟೆ ಮಾಡದೆ ಹೋದಳಾ? ಆಶ್ಚರ್ಯ ಬಿಡಿ."

ಆ ಕಡೆಯ ದನಿ ತಡವರಿಸಿತು. "ನೀವು ಬರ್ತೀರಾ?"

"ಅವಳು ಹೊರಟ ಮೇಲೆ ನಾನ್ಯಾಕೆ ಅಲ್ಲಿಗೆ ಬರ್ಲಿ ತಾಯಿ? ನಾನಿಲ್ಲೇ ಕಾಯ್ತೀನಿ. ನನಗೂ ಸಂತೋಷವೇ."

"ದೊಡ್ಡ ಮನಸ್ಸು ನಿಮ್ಮದು. ಹಾಗಾದ್ರೆ ಮುಂದಿನದೆಲ್ಲ ನಾವೇ ನೋಡ್ಕೋತೀವಿ."

"ನೋಡ್ಕೊಳ್ಳಿ, ಪುಣ್ಯ ಬರುತ್ತೆ," ಎಂದು ತಂಗಿ ಫೋನು ಇಟ್ಟಳು. ದಬ್ಬಣವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಅಕ್ಕ ಒಂದು ಕಾಲದಲ್ಲಿ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ಟು ಹರಿಯುತ್ತಿದ್ದವಳು. ಕಿಂಡಿಯೊಳಗೆ ಬರುವ ಕೈ ನೋಡಿಯೇ ಯಾರ ಮಗ ಶಾಲೆ ತಪ್ಪಿಸಿ ಬಂದಿದ್ದಾನೆ ಎಂದು ಹೇಳಿಬಿಡುತ್ತಿದ್ದಳು. ಮದುವೆಯ ಮಾತು ಇಬ್ಬರಿಗೂ ಬಂತು, ಹೋಯಿತು, ಯಾವುದೂ ನಿಲ್ಲಲಿಲ್ಲ. ಆಮೇಲೆ ಅಕ್ಕನ ಎಡಭಾಗಕ್ಕೆ ಲಕ್ವ ಹೊಡೆಯಿತು. ಮೇಲಿನ ಮನೆಯಿಂದ ಆಸ್ಪತ್ರೆಗೆ ಅಂತ ತಂಗಿ ಅಕ್ಕನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಯುವಾಗ ಒಂದು ದಿನ ಇಬ್ಬರೂ ಉರುಳಿದರು. ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿರುವಾಗ ಅಕ್ಕನೇ ಅಂದಳು, "ನನ್ನನ್ನ ಎಲ್ಲಾದ್ರೂ ಸೇರಿಸೇ. ಇಲ್ಲಾಂದ್ರೆ ನಮ್ಮಿಬ್ಬರನ್ನೂ ಒಂದೇ ಚಾಪೇಲಿ ಸುತ್ತಬೇಕಾಗುತ್ತೆ."

ವಯಸ್ಸಾದವರನ್ನು ನೋಡಿಕೊಳ್ಳುವ ಸನ್ಯಾಸಿನಿ ಸೋದರಿಯರ ಆಶ್ರಮಕ್ಕೆ ಸೇರಿಸಿದ ದಿನ ತಂಗಿ ಮಾತು ಕೊಟ್ಟಿದ್ದಳು: ಕೆಳಗಿನ ಕೋಣೆ ಖಾಲಿಯಾದ ಕೂಡಲೇ ಕರೆದುಕೊಂಡು ಹೋಗುತ್ತೇನೆ. ಆ ಕೋಣೆಯಲ್ಲಿ ಪಾತ್ರೆ ವ್ಯಾಪಾರಿ ತನ್ನ ಸರಕು ತುಂಬಿಟ್ಟಿದ್ದ. ಪ್ರತಿ ಭಾನುವಾರ ಅಕ್ಕನ ಮೊದಲ ಪ್ರಶ್ನೆ ಅದೇ. "ಖಾಲಿ ಆಯ್ತಾ?" "ಇನ್ನೂ ಇಲ್ಲ ಕಣೇ." "ನಾನು ಖಾಲಿಯಾಗೋದ್ರೊಳಗೆ ಅದಾಗ್ಲಿ ಬಿಡು."

ಸೋದರಿಯರು ಕೆಟ್ಟವರಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿ ಮಲಗಿಸುತ್ತಿದ್ದರು, ಹಿಮ್ಮಡಿ ಹುಣ್ಣಾಗದಂತೆ ನೀರು ತುಂಬಿದ ರಬ್ಬರು ಚೀಲ ಇಡುತ್ತಿದ್ದರು, ಗಂಜಿ ತಣಿಸಿ ಕುಡಿಸುತ್ತಿದ್ದರು. ಅಕ್ಕನ ಕೂದಲನ್ನು ಮಾತ್ರ ಕಿವಿಯ ಮೇಲಕ್ಕೆ ಕತ್ತರಿಸಿಬಿಟ್ಟಿದ್ದರು. ಅಲ್ಲಿ ಎಲ್ಲರಿಗೂ ಹಾಗೇ. ಸಾಲು ಮಂಚಗಳಲ್ಲಿ ಸಾಲು ಬಿಳಿ ತಲೆಗಳು. ಬಾಗಿಲಲ್ಲಿ ನಿಂತು ನೋಡಿದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಒಂದು ಮಂಚ ಖಾಲಿಯಿರುತ್ತಿತ್ತು. "ಇಲ್ಲಿದ್ದವರು?" ಎಂದು ತಂಗಿ ಕೇಳಿದರೆ, "ಮನೆಗೆ ಹೋದರು" ಎನ್ನುತ್ತಿದ್ದರು. ಆವತ್ತು ಬಸ್ಸಿನಲ್ಲಿ ಬರುವಷ್ಟು ಹೊತ್ತೂ ತಂಗಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಎಲ್ಲರ ಮನೆಯವರೂ ಬಂದು ಕರೆದುಕೊಂಡು ಹೋಗುತ್ತಿದ್ದಾರೆ, ನನ್ನ ಅಕ್ಕನೊಬ್ಬಳನ್ನು ಬಿಟ್ಟು.

ಈಗ ಅವಳು ಕೆಳಗಿನ ಕೋಣೆಯ ಬಾಗಿಲು ತೆಗೆದು ಇನ್ನೊಮ್ಮೆ ಗುಡಿಸಿದಳು. ತಾನೇ ಹೊಲಿದ ಹೊಸ ಹಾಸಿಗೆಯನ್ನು ಮಂಚದ ಮೇಲೆ ಹಾಸಿ, ಅಂಗೈಯಿಂದ ಒತ್ತಿ ಒತ್ತಿ ಗಂಟು ಹುಡುಕಿದಳು. ಕುರ್ಚಿಯೊಂದನ್ನು ಹೊಸ್ತಿಲಿಗೆ ಎಳೆದುಕೊಂಡು ಬೀದಿಯ ಕೊನೆ ನೋಡುತ್ತ ಕೂತಳು. ಆಶ್ರಮದ ಬಿಳಿ ವ್ಯಾನು ಈ ಕಡೆಯಿಂದಲೇ ಬರಬೇಕು.

"ಏನಕ್ಕ, ಹೆಣ್ಣು ನೋಡೋಕೆ ಬರ್ತಾರಾ?" ಎಂದ ಎದುರಿನ ಟೀ ಅಂಗಡಿಯವನು. "ಬಾಗಿಲಲ್ಲೇ ಕೂತಿದ್ದೀರಾ."

"ಹೆಣ್ಣೇ ಬರ್ತಾ ಇದ್ದಾಳೆ. ನಮ್ಮಕ್ಕ."

"ಹಾಗಾದ್ರೆ ನನ್ನ ಟೀಗೆ ಹೆಸರಿಡೋರು ಬಂದ್ರು ಅನ್ನಿ. ಪಾತ್ರೆಯವನು ಹೋಗಿ ಎಷ್ಟು ದಿನ ಆಯ್ತು, ಇಷ್ಟು ತಡ ಮಾಡೋದಾ?"

ತಂಗಿ ಬೀದಿಯ ಕೊನೆಯತ್ತ ಮುಖ ತಿರುಗಿಸಿದಳು. ಪಾತ್ರೆಯವನು ಖಾಲಿ ಮಾಡಿ ತಿಂಗಳ ಮೇಲಾಗಿತ್ತು. ಸುಣ್ಣ ಹೊಡೆಸಬೇಕು, ಮಂಚ ಇಳಿಸಬೇಕು, ಬಚ್ಚಲಿಗೆ ಹಿಡಿಕೆ ಹಾಕಿಸಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅಕ್ಕನಿಗೆ ಮಾತ್ರ "ಇನ್ನೂ ಇಲ್ಲ" ಎಂದೇ ಹೇಳುತ್ತ ಬಂದಿದ್ದಳು. ನಡುರಾತ್ರಿ ಎದ್ದು ಬಟ್ಟೆ ಬದಲಿಸುವ, ಮಗ್ಗುಲು ಹೊರಳಿಸುವ ಕೆಲಸವಿಲ್ಲದೆ ಬೆಳಗಾಗುವವರೆಗೆ ನಿದ್ದೆ ಮಾಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ನಿದ್ದೆ ಅನ್ನುವುದು ಬೆಲ್ಲವಿದ್ದಂತೆ. ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತ ಇಡೀ ಅಚ್ಚೇ ಮುಗಿದಿರುತ್ತದೆ. ಕಳೆದ ಭಾನುವಾರ ಹೋದಾಗ ಅಕ್ಕ ಆ ಪ್ರಶ್ನೆಯನ್ನೇ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಹೆದರಿ ತಂಗಿ ತಾನಾಗಿ ಅಂದಿದ್ದಳು, "ಶನಿವಾರ ಬರ್ತೀನಿ ಕಣೇ, ಕರ್ಕೊಂಡು ಹೋಗೋಕೆ."

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ವ್ಯಾನು ಬರಲಿಲ್ಲ. ಆಶ್ರಮಕ್ಕೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ಪ್ರಾರ್ಥನೆಯ ಹೊತ್ತಿರಬೇಕು. ದಾರಿಯಲ್ಲಿ ಗಾಡಿ ಕೆಟ್ಟಿತೋ ಏನೋ, ಅಕ್ಕ ಸೀಟಿನಿಂದ ಜಾರಿದಳೋ ಏನೋ. ಇನ್ನು ಕೂರಲಾಗದೆ ಕೋಣೆಯ ಬೀಗದ ಕೈಯನ್ನು ಟೀ ಅಂಗಡಿಯವನ ಕೈಗಿಟ್ಟು, "ನಮ್ಮಕ್ಕ ಬಂದ್ರೆ ಒಳಗೆ ಕೂರ್ಸು" ಎಂದು ಹೇಳಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಎದುರು ಬರುವ ಬಿಳಿ ಗಾಡಿಗಳನ್ನೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತ ಹೋದಳು.

ಆಶ್ರಮದ ವ್ಯಾನು ಆಶ್ರಮದ ಅಂಗಳದಲ್ಲೇ ನಿಂತಿತ್ತು. ಡ್ರೈವರು ಅದರ ಗಾಜು ಒರೆಸುತ್ತಿದ್ದ. ಜಗಲಿಯ ಕುರ್ಚಿಗಳಲ್ಲಿ ಎಂದಿನಂತೆ ಮುದುಕರು ಸಾಲಾಗಿ ಕೂತಿದ್ದರು. ಅಕ್ಕನ ಪಕ್ಕದ ಮಂಚದವಳು ತುದಿಯಲ್ಲಿದ್ದಳು. ಆಶ್ರಮದ ಸುದ್ದಿಯೆಲ್ಲ ಮೊದಲು ಅವಳ ಬಾಯಲ್ಲೇ ಬರುವುದರಿಂದ ಎಲ್ಲರೂ ಅವಳನ್ನು ರೇಡಿಯೋ ಅಜ್ಜಿ ಎನ್ನುತ್ತಿದ್ದರು.

"ಬಂದ್ಯಾ? ನಿಮ್ಮಕ್ಕ ಮನೆಗೆ ಹೋದ್ಲು, ಗೊತ್ತಾಯ್ತಾ?"

"ಇನ್ನೂ ಬಂದು ಮುಟ್ಟಿಲ್ಲ ಅಜ್ಜಿ. ಯಾವುದರಲ್ಲಿ ಕಳಿಸಿದ್ರು? ವ್ಯಾನು ಇಲ್ಲೇ ಇದೆ."

ರೇಡಿಯೋ ಅಜ್ಜಿಯ ಬಾಯಿ ತೆರೆದುಕೊಂಡಿತು, ಮುಚ್ಚಿಕೊಂಡಿತು. ಹಾಗೆ ಮಾತು ನಿಂತದ್ದನ್ನು ಆ ಜಗಲಿಯಲ್ಲಿ ಯಾರೂ ಕಂಡಿರಲಿಲ್ಲ. ಅವಳು ತಂಗಿಯ ಸೆರಗು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಮಗಳೇ, ಇಲ್ಲಿ ಯಾರೂ ಸಾಯಲ್ಲ," ಎಂದಳು ಮೆಲ್ಲಗೆ. "ಮನೆಗೆ ಹೋಗ್ತಾರೆ."

ಸೋದರಿಯರ ನಂಬಿಕೆ ಅದು. ಈ ಲೋಕ ದಾರಿಯ ಛತ್ರ, ನಿಜವಾದ ಮನೆ ಮೇಲಿದೆ. ಹಾಗಾಗಿ ಆ ಗೋಡೆಗಳೊಳಗೆ ಸಾವು ಎಂಬ ಶಬ್ದವನ್ನು ಆಡುವುದೇ ಇಲ್ಲ. ನಿಜವಾಗಿ ಮಕ್ಕಳ ಕೈ ಹಿಡಿದು ಗೇಟು ದಾಟಿ ಹೋದವರಿಗೆ ಏನನ್ನಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದೇ ಇರಲಿಲ್ಲ. ಅಂಥವರು ಇರಲಿಲ್ಲ.

ತಂಗಿ ಜಗಲಿಯ ಕಂಬ ಹಿಡಿದುಕೊಂಡಳು. ಅವಳಿಗೆ ಮೊದಲು ನೆನಪಾದದ್ದು ಅಕ್ಕನಲ್ಲ, ಆ ಖಾಲಿ ಮಂಚಗಳು.

"ಭಾನುವಾರದಿಂದ ಒಂದೇ ಸಮ, ಶನಿವಾರ ಮನೆಗೆ ಹೋಗ್ತೀನಿ, ಶನಿವಾರ ಮನೆಗೆ ಹೋಗ್ತೀನಿ ಅಂತಿದ್ಲು," ಎಂದಳು ರೇಡಿಯೋ ಅಜ್ಜಿ. "ಹಾಗೆಲ್ಲ ಅನ್ಬಾರ್ದು ಕಣೇ ಅಂದೆ. 'ನಿಮ್ಮ ಮನೆ ಅಲ್ಲ, ನಮ್ಮ ಮನೆ' ಅಂದ್ಲು. ಬಟ್ಟೆ ಚೀಲ ತೊಡೆ ಮೇಲಿಟ್ಕೊಂಡೇ ಮಲಗ್ತಿದ್ಲು. ತೆಗೆದಿಡೋಕೆ ಹೋದ್ರೆ ಬೈತಿದ್ಲು."

ಒಳಗೆ ಅಕ್ಕನ ಮಂಚಕ್ಕೆ ಆಗಲೇ ಹೊಸ ಹೊದಿಕೆ ಬಿದ್ದಿತ್ತು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ, ಕಲ್ಲು ಬೆಂಚಿನ ಮೇಲೆ, ಅಕ್ಕ ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. ಸ್ನಾನ ಮಾಡಿಸಿದ್ದರು. ಹಿಂದಿನ ಬಾಗಿಲು ತೆರೆದಿತ್ತು. ಅದರಾಚೆ ತರಕಾರಿ ತೋಟ, ತೋಟದಾಚೆ ಒಂದೇ ಅಳತೆಯ ಮಣ್ಣುದಿಬ್ಬಗಳು. ತುದಿಯಲ್ಲಿ ಮಾಲಿ ಮೊಣಕಾಲುದ್ದ ಅಗೆದ ಗುಂಡಿಯೊಳಗೆ ನಿಂತು ಬೆವರು ಒರೆಸುತ್ತಿದ್ದ.

ಬೆಳಿಗ್ಗೆ ಫೋನು ಮಾಡಿದ್ದ ಎಳೆಯ ಸೋದರಿ ಗೋಡೆಗೆ ಒರಗಿ ನಿಂತಿದ್ದಳು. "ಇಲ್ಲೇ ಕಾಯ್ತೀನಿ, ಸಂತೋಷ ಅಂದ್ರಲ್ಲ," ಎಂದಳು. "ಎಂಥ ನಂಬಿಕೆ ಇವರದು ಅಂತ ನಾನು ಎಲ್ಲರ ಹತ್ರ ಹೇಳಿಬಿಟ್ಟೆ."

ತಂಗಿ ಅಕ್ಕನ ಕೆನ್ನೆಗೆ ಕೈಯಿಟ್ಟಳು. ಅಲ್ಲಿ ಯಾವ ಬಿಸಿಯೂ ಇರಲಿಲ್ಲ. ಅಷ್ಟರಲ್ಲಿ ಆಶ್ರಮದ ಹಿರಿಯಾಕೆ ಬಂದರು. ಎಲ್ಲರೂ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಅವರ ಮೊಣಕಾಲೂ ಸವೆದಿತ್ತು. ಗೋಡೆ ಹಿಡಿದೇ ನಡೆಯುತ್ತಿದ್ದರು.

"ಸಂಜೆ ಪ್ರಾರ್ಥನೆಗೆ ಮುಂಚೆ ಮಣ್ಣು ಮಾಡ್ತೀವಿ," ಎಂದರು. "ನೀವೂ ಒಂದು ಹಿಡಿ ಹಾಕಿ."

"ಇಲ್ಲ. ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಮನೆಗೆ."

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ಸೇರಿಸುವಾಗಲೇ ಹೇಳಿದ್ವಲ್ಲ. ಇಲ್ಲಿಗೆ ಬಂದವರು ಇಲ್ಲೇ ಮಣ್ಣಾಗ್ತಾರೆ. ಮುಂದಿನ ಗೇಟಿನಿಂದ ಹೆಣ ಹೊರಗೆ ಹೋದ್ರೆ ಜಗಲಿಯಲ್ಲಿ ಕೂತವರು ಆಮೇಲೆ ಊಟ ಮಾಡಲ್ಲ." ತಮ್ಮ ಬಾಯಲ್ಲಿ ಬಂದ ಶಬ್ದಕ್ಕೆ ಅವರೇ ತುಟಿಗೆ ಬೆರಳಿಟ್ಟುಕೊಂಡರು. "ನಾಳೆ ಮತ್ತೆ ಮಣ್ಣಿಗೇ ತಾನೇ? ಒಂದು ರಾತ್ರಿಗೋಸ್ಕರ ಯಾಕೆ ಈ ಪಾಡು?"

"ಮನೆಗೆ ಹೋದರು ಅಂತ ಹೇಳಿದ್ದು ನೀವು," ಎಂದಳು ತಂಗಿ. ಅವಳ ದನಿ ಏರಲಿಲ್ಲ. "ಬೆಳಿಗ್ಗೆಯಿಂದ ಬಾಗಿಲು ತಕ್ಕೊಂಡು ಕೂತಿದ್ದೀನಿ ನಾನು. ನಿಮ್ಮ ಮೇಲಿನ ಮನೆ ನನಗೆ ಗೊತ್ತಿಲ್ಲ ದೊಡ್ಡಮ್ಮ. ನನಗೆ ಗೊತ್ತಿರೋದು ಕೆಳಗಿನ ಕೋಣೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂತ ಇವಳಿಗೆ ಹೇಳಿದ್ದೀನಿ. ವ್ಯಾನು ಕೊಡದಿದ್ರೆ ಹೊತ್ಕೊಂಡು ಹೋಗ್ತೀನಿ. ಮುಂಚೆಯೂ ಹೊತ್ತಿದ್ದೀನಿ."

ಹಾಗೆಂದು ಅವಳು ನಿಜವಾಗಿಯೂ ಬೆಂಚಿನ ಪಕ್ಕ ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತು, ಅಕ್ಕನ ತೋಳನ್ನು ಹೆಗಲ ಮೇಲೆ ಎಳೆದುಕೊಳ್ಳಲು ನೋಡಿದಳು. ತೋಳು ಸೆಟೆದಿತ್ತು, ಬಾಗಲಿಲ್ಲ. ಅವಳು ಮತ್ತೆ ಎಳೆದಳು. ಎಳೆಯ ಸೋದರಿ ಮುಖ ಮುಚ್ಚಿಕೊಂಡಳು.

"ಬಿಡಿ, ಬಿಡಿ. ಹಾಗೆ ಎಳೀಬೇಡಿ," ಎಂದರು ದೊಡ್ಡಮ್ಮ. ಬಹಳ ಹೊತ್ತು ತೋಟದ ಕಡೆ ನೋಡಿದರು. ಆಮೇಲೆ ಎಳೆಯವಳಿಗೆ, "ಡ್ರೈವರಿಗೆ ಸ್ಟ್ರೆಚರ್ ತರೋಕೆ ಹೇಳು. ಮಾಲಿನೂ ಕರಿ. ಮುಂದಿನ ಬಾಗಿಲು ತೆಗಿ," ಎಂದರು.

ಜಗಲಿಯ ಸಾಲಿನ ಮುಂದಿನಿಂದಲೇ ಅಕ್ಕನನ್ನು ಒಯ್ದರು. ರೇಡಿಯೋ ಅಜ್ಜಿ ಕೇಳಿದಳು, "ನಿಜವಾಗ್ಲೂ ಮನೆಗೇನಾ?"

"ಹೌದು ಅಜ್ಜಿ."

"ಅದೃಷ್ಟವಂತೆ," ಎಂದಳು ಅವಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಸಾಲಿನ ನಡುವೆ ಯಾರೋ ಒಬ್ಬ ಮುದುಕ ಊರುಗೋಲು ಹಿಡಿದು ಎದ್ದು ನಿಂತು, "ನನ್ನದೂ ಅದೇ ದಾರಿ, ಜಾಗ ಇದೆಯಾ?" ಎಂದ. ಎಳೆಯ ಸೋದರಿ ಅವನ ಭುಜ ಒತ್ತಿ ಕೂರಿಸಿದಳು. ವ್ಯಾನು ಗೇಟು ದಾಟುವವರೆಗೂ ಅವನು ಕೂರುವುದು, ಏಳುವುದು ನಡೆದೇ ಇತ್ತು.

ದಾರಿಯಲ್ಲಿ ತಂಗಿ ಸ್ಟ್ರೆಚರಿನ ಪಕ್ಕ ಕೆಳಗೇ ಕೂತಳು. ತಿರುವುಗಳಲ್ಲಿ ಅಕ್ಕ ಜಾರದಂತೆ ಸೊಂಟಕ್ಕೆ ಕೈಸುತ್ತಿ ಹಿಡಿದಿದ್ದಳು. ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ, ಆಮೇಲೆ ಗುಂಡಿಗಳನ್ನು ತಪ್ಪಿಸಿಕೊಂಡು ನಿಧಾನ ಓಡಿಸಿದ. ಅವರ ಮಧ್ಯೆ ಮಾತಾದದ್ದು ಒಂದೇ ಸಲ. "ಎಡಕ್ಕಾ, ಬಲಕ್ಕಾ?" "ಎಡಕ್ಕೆ."

ಮುಸ್ಸಂಜೆಯ ಹೊತ್ತಿಗೆ ವ್ಯಾನು ಓಣಿಯ ಬಾಯಿಗೆ ಬಂದು ನಿಂತಿತು. ಅದರಾಚೆ ಗಾಡಿ ಹೋಗುವಷ್ಟು ಅಗಲವಿಲ್ಲ. ಟೀ ಅಂಗಡಿಯವನು ಬೀಗದ ಕೈ ಹಿಡಿದು ನಗುತ್ತ ಓಡಿ ಬಂದವನು ಹಿಂದಿನ ಬಾಗಿಲು ತೆರೆದಾಗ ನಗು ನುಂಗಿಕೊಂಡ. ಏನನ್ನೂ ಕೇಳದೆ ಅಂಗಿಯ ತೋಳು ಮಡಚಿ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದ. ಬೀದಿ ನಲ್ಲಿಗೆ ನೀರು ಬಂದಿತ್ತು. ಬಕೆಟ್ಟು, ಕೊಡಗಳ ಸಾಲು ಓಣಿಯ ಅರ್ಧವನ್ನು ತುಂಬಿತ್ತು. ಹೆಂಗಸರು ಮಾತು ನಿಲ್ಲಿಸಿ ಅವನ್ನು ಗೋಡೆಗೆ ಎಳೆದುಕೊಂಡು ದಾರಿ ಬಿಟ್ಟರು. ಯಾರೋ ನಲ್ಲಿ ನಿಲ್ಲಿಸಿದರು.

ಬಾಗಿಲು ಕಿರಿದಾಗಿತ್ತು. "ತಲೆ ಮೊದಲಾ, ಕಾಲು ಮೊದಲಾ?" ಎಂದು ಡ್ರೈವರು ತಗ್ಗಿದ ದನಿಯಲ್ಲಿ ಕೇಳಿದ.

"ಮನೆಗೆ ಜನ ಹೇಗೆ ಬರ್ತಾರೋ ಹಾಗೆ," ಎಂದಳು ತಂಗಿ. "ಕಾಲು ಮೊದಲು, ಮುಖ ಒಳಗಡೆಗೆ ಇರ್ಲಿ."

ಅವರು ಓರೆ ಮಾಡಿ, ಎತ್ತಿ, ಕಾಲು ಮುಂದಾಗಿ ಹೊಸ್ತಿಲು ದಾಟಿಸಿದರು. ಅಕ್ಕನನ್ನು ಮಂಚದ ಮೇಲೆ ಮಲಗಿಸಿ ಗಂಡಸರಿಬ್ಬರೂ ಹೊರಗೆ ಬಂದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತರು. ತಂಗಿ ಅಕ್ಕನ ಗಲ್ಲದ ಬಟ್ಟೆಯ ಗಂಟನ್ನು ಕಿವಿಯ ಹಿಂದಕ್ಕೆ ಸರಿಸಿದಳು, ಸೆಟೆದ ತೋಳನ್ನು ಹೊದಿಕೆಯೊಳಗೆ ಸೇರಿಸಿದಳು, ಮಂಚಕ್ಕೆ ಒರಗಿ ನೆಲದ ಮೇಲೆ ಕೂತಳು.

"ಬಂದ್ವಿ ಕಣೇ," ಎಂದಳು.

ಹೊರಗೆ ಯಾರೋ ನಲ್ಲಿ ತಿರುಗಿಸಿದರು. ಬಕೆಟ್ಟುಗಳು ಒಂದೊಂದಾಗಿ ಗೋಡೆಯ ಬುಡದಿಂದ ನೀರಿನ ಕೆಳಗೆ ಸರಿದವು.