ತಿಜಾನಿಯವರ ಬೆಳಗಿನ ಚಮಚ

ಕೈರವಾನ್ ಪಟ್ಟಣದ ಹಳೇಪೇಟೆಯಲ್ಲಿ ನಾರುಬೇರು ಮಾರುವ ಗ್ರಂಥಿಗೆ ಅಂಗಡಿ ಇಟ್ಟಿದ್ದ ತಿಜಾನಿಯವರಿಗೆ ತೊಡೆಸಂದಿನಲ್ಲಿ ಹರ್ನಿಯಾ ಎದ್ದು ಎಂಟು ತಿಂಗಳಾಗಿತ್ತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೇ ವ್ಯಾಪಾರ ನಡೆಸುತ್ತಿದ್ದರು. ಕೆಮ್ಮು ಬಂದರೆ ಅಂಗೈಯಿಂದ ಆ ಜಾಗವನ್ನು ಒತ್ತಿ ಹಿಡಿಯಬೇಕು. ಮೆಂತ್ಯದ ಮೂಟೆ ಎತ್ತಬೇಕಾದರೆ ಪಕ್ಕದ ಚಪ್ಪಲಿ ಅಂಗಡಿಯವನನ್ನು ಕೂಗಬೇಕು. ಐದು ತಿಂಗಳು ಕಾಯಿಸಿದ ಮೇಲೆ ಆಸ್ಪತ್ರೆಯವರು ಫೆಬ್ರವರಿ ಹದಿಮೂರು ಎಂದು ದಿನ ಗೊತ್ತುಮಾಡಿದ್ದರು.

ಆ ತಾರೀಖು ಅವರಿಗೆ ಬಹಳ ಹಿಡಿಸಿತ್ತು. ಆಪರೇಷನ್ ಆದ ಮೇಲೆ ಆರು ವಾರ ಭಾರ ಎತ್ತುವಂತಿಲ್ಲ. ಆರು ವಾರ ಮುಗಿಯುವುದಕ್ಕೂ ಮಾರ್ಚ್ ಕೊನೆಗೆ ಕಹಿಕಿತ್ತಳೆಯ ಹೂ ಪೇಟೆಗೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಹೂವಿನ ನೀರು ಇಳಿಸುವ ತಾಮ್ರದ ಬಟ್ಟಿಯನ್ನು ನಲವತ್ತೊಂದು ವರ್ಷಗಳಿಂದ ಅವರು ಬೇರೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ವರ್ಷದ ಆ ಮೂರು ವಾರಗಳಿಗಾಗಿಯೇ ತಾನು ಅಂಗಡಿ ನಡೆಸುತ್ತಿದ್ದೇನೆ ಎಂದು ಅವರಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಆಪರೇಷನ್ನಿಗೆ ಹತ್ತು ದಿನ ಮೊದಲು ತಪಾಸಣೆಗೆ ಕರೆದಿದ್ದರು. ಅರಿವಳಿಕೆ ವಿಭಾಗದ ನರ್ಸ್ ರಿಹಾಬ್ ಎಂಬ ಹುಡುಗಿ ಎದುರಿಗೆ ಕುಳಿತು ಒಂದೊಂದಾಗಿ ಕೇಳಿ ಬರೆದುಕೊಂಡಳು. ಹಿಂದೆ ಯಾವಾಗಲಾದರೂ ಆಪರೇಷನ್ ಆಗಿದೆಯೇ, ಯಾವ ಔಷಧಿಯಾದರೂ ಮೈಗೆ ಒಗ್ಗದೆ ಹೋಗಿದೆಯೇ, ಕಟ್ಟಿಸಿದ ಹಲ್ಲುಗಳಿವೆಯೇ, ಮನೆಗೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ.

"ಸಿಗರೇಟು?"

"ದಿನಕ್ಕೆ ನಾಲ್ಕು."

"ಇವತ್ತಿನಿಂದಲೇ ಬಿಟ್ಬಿಡಿ ಹಾಜಿ. ಗಾಯ ಬೇಗ ಮಾಯುತ್ತೆ. ಔಷಧಿ ಏನೇನು ತಗೋತೀರಿ?"

"ಬಿ.ಪಿ.ಗೆ ಒಂದು ಗುಳಿಗೆ."

"ಅದನ್ನ ನೀವಾಗಿ ನಿಲ್ಲಿಸ್ಬೇಡಿ, ಡಾಕ್ಟರ್ ಹೇಳ್ತಾರೆ. ಬೇರೆ?"

"ಬೇರೇನಿಲ್ಲ."

ಆ ದಿನ ಬೆಳಿಗ್ಗೆಯೂ ಅವರು ತಮ್ಮ ಚಮಚ ತಿಂದೇ ಬಂದಿದ್ದರು. ಹಸಿ ಬೆಳ್ಳುಳ್ಳಿ, ಶುಂಠಿ, ಕರಿಜೀರಿಗೆ ಕುಟ್ಟಿ ಜೇನಿನಲ್ಲಿ ಕಲಸಿದ್ದು, ಬರಿಹೊಟ್ಟೆಯಲ್ಲಿ ಒಂದು ದೊಡ್ಡ ಚಮಚ. ತಂದೆಯ ಕಾಲದಿಂದ ಬಂದ ಪಾಕ. ಅರ್ಧ ಪೇಟೆ ಅದನ್ನು ಅವರಿಂದ ಕೊಳ್ಳುತ್ತಿತ್ತು. ಆದರೆ ಹಿಂದೊಮ್ಮೆ ಇದೇ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಹತ್ತು ಜನರ ಮುಂದೆ "ಪೇಟೆಯ ಪುಡಿ ಮಾರೋ ಮುದುಕರು" ಎಂದು ನಕ್ಕಿದ್ದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಹುಡುಗಿ ಕೇಳಿದ್ದು ಔಷಧಿಯನ್ನು, ಚಮಚವನ್ನಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡು, ಅವಳು ಕೊಟ್ಟ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು.

ಮನೆಯಲ್ಲಿ ಹೆಂಡತಿ ಮಹಬೂಬಾ ಹಾಳೆಯನ್ನು ಓದಿಸಿ ಕೇಳಿ ಸಿಟ್ಟಾದಳು.

"ಹಿಂದಿನ ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬಾರದಂತೆ! ಖಾಲಿ ಹೊಟ್ಟೇಲಿ ಯಾರಾದ್ರೂ ಕತ್ತರಿ ಕೆಳಗೆ ಮಲಗ್ತಾರೇನ್ರೀ? ಒಂದು ಬಟ್ಟಲು ಗಂಜಿ ಕುಡಿದು ಹೋಗಿ, ಅವರಿಗೇನು ಗೊತ್ತಾಗುತ್ತೆ?"

"ಅರಿವಳಿಕೆಯ ಮತ್ತಿನಲ್ಲಿರುವಾಗ ತಿಂದದ್ದು ಮೇಲಕ್ಕೆ ಬಂದು ಶ್ವಾಸಕ್ಕೆ ಹೋಗುತ್ತಂತೆ. ನಿನ್ನ ಗಂಜಿಯಿಂದಲೇ ಸತ್ತ ಅಂತ ಜನ ಆಡಿಕೊಳ್ಳಲಿ ಅಂತೀಯಾ?"

"ಬಿಡ್ತು ಅನ್ನಿ," ಎಂದು ಅವಳು ಹಾಳೆಯನ್ನು ಮಡಿಸಿ ಕೊಟ್ಟಳು.

ನಾಲ್ಕು ದಿನ ಕಳೆಯಿತು. ಬೆಳಿಗ್ಗೆ ಗಡ್ಡ ಹೆರೆಯುವಾಗ ಕತ್ತಿ ಸ್ವಲ್ಪ ತಗುಲಿ, ಅಂಗಡಿ ತೆರೆದ ಮೇಲೂ ತಿಜಾನಿಯವರು ಗಲ್ಲಕ್ಕೆ ಅಂಟಿಸಿದ್ದ ಹತ್ತಿ ಕೆಂಪಾಗುತ್ತಲೇ ಇತ್ತು. ಆ ಹೊತ್ತಿಗೆ ಮನ್ನೂಬಿಯಾ ಬಂದಳು. ಜಮಖಾನೆ ನೇಯುವ ಹೆಂಗಸು, ಐವತ್ತರ ಆಸುಪಾಸು. ಗರ್ಭಕೋಶದಲ್ಲಿ ಗೆಡ್ಡೆಯಾಗಿ, ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಹಿಂದಿನ ತಿಂಗಳು ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದಳು.

"ತಿಜಾನಿ ಅಣ್ಣ, ನಿಮ್ಮ ಪಾಕದ ದೊಡ್ಡ ಡಬ್ಬಿ ಕೊಡಿ. ಬರೋ ಬುಧವಾರ ನನ್ನ ಆಪರೇಷನ್ನು. ಅಷ್ಟರಲ್ಲಿ ದಿನಾ ಎರಡೆರಡು ಚಮಚ ತಿಂದು ಮೈಗೆ ಬಲ ತುಂಬ್ಕೋತೀನಿ."

ಡಬ್ಬಿಗೆ ಕೈ ಹಾಕಿದವರು ಕೇಳಿದರು, "ಇದನ್ನ ತಿಂತೀನಿ ಅಂತ ಅಲ್ಲಿ ನರ್ಸ್‌ಗೆ ಹೇಳಿದ್ಯಾ?"

"ಯಾಕೆ ಹೇಳ್ಬೇಕು? ಅವಳು ಕೇಳಿದ್ದು ಔಷಧಿ. ಇದೇನು ಔಷಧೀನಾ? 'ಊಟ ಇದ್ದ ಹಾಗೆ, ಯಾರಿಗೂ ಏನೂ ಮಾಡಲ್ಲ, ರಕ್ತ ತಿಳಿ ಮಾಡುತ್ತೆ ಅಷ್ಟೇ' ಅಂತ ನೀವೇ ತಾನೇ ಹೇಳೋದು? ಪೇಟೆಗೆಲ್ಲ ಬಾಯಿಪಾಠ ಆಗಿದೆ."

ತಿಜಾನಿಯವರು ಡಬ್ಬಿಯನ್ನು ಇದ್ದಲ್ಲೇ ಬಿಟ್ಟರು. ಅವಳು ಆಡಿದ್ದರಲ್ಲಿ ಒಂದು ಮಾತೂ ಅವಳದಲ್ಲ, ಎಲ್ಲ ಅವರದೇ. ರಕ್ತ ತಿಳಿಯಾದವಳ ಹೊಟ್ಟೆಗೆ ಕತ್ತಿ ಹಾಕಿದರೆ ಏನಾಗುತ್ತದೆಂದು ಯೋಚಿಸಲು ಡಾಕ್ಟರಿಕೆ ಓದಬೇಕಾಗಿರಲಿಲ್ಲ. ಅವರು ಗಲ್ಲದ ಹತ್ತಿಯನ್ನು ತೆಗೆದು ನೋಡಿದರು.

"ಇವತ್ತು ಕೊಡಲ್ಲಮ್ಮ. ಮನೇಲಿ ಇರೋದನ್ನೂ ತಿನ್ಬೇಡ. ನಡಿ, ಆಸ್ಪತ್ರೆಗೆ ಹೋಗಿ ಹೇಳಿ ಬರೋಣ."

"ಅಯ್ಯೋ, ನನ್ನ ಬೈತಾರೆ ಅಣ್ಣ! ತಾರೀಖು ತಪ್ಪಿಸಿಬಿಟ್ರೆ?"

"ಮೊದಲು ನನ್ನ ಬೈತಾರೆ. ನಾನೂ ಹೇಳಿಲ್ಲ."

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮಾಡಿ ಮಾರೋವ್ರೇ ಮುಚ್ಚಿಟ್ರಾ? ಚೆನ್ನಾಗಿದೆ," ಎಂದಳು. ಆದರೂ ಅಂಗಡಿಯ ಬಾಗಿಲೆಳೆಯಲು ಅವರು ಬಗ್ಗಿದಾಗ, ಅವರ ಕೈ ಸರಿಸಿ ತಾನೇ ಎಳೆದಳು.

ರಿಹಾಬ್ ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದಳು. ತಿಜಾನಿಯವರು ಕುರ್ಚಿಗೆ ಕೂರುವಾಗ ಪಟ್ಟಿ ಒತ್ತಿ ಮುಖ ಸಿಂಡರಿಸಿದ್ದನ್ನು ಕಂಡು, ಎದ್ದು ತನ್ನ ಎತ್ತರದ ಕುರ್ಚಿಯನ್ನು ಅವರತ್ತ ತಳ್ಳಿದಳು. ನಗಲಿಲ್ಲ. ಯಾವುದು ಎಷ್ಟು ತೂಕ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂದು ಕೇಳಿ ಎಲ್ಲವನ್ನೂ ಬರೆದುಕೊಂಡಳು. ಅಂಥ ಲೆಕ್ಕ ಹೇಳುವುದರಲ್ಲಿ ತಿಜಾನಿಯವರು ತಪ್ಪುವವರಲ್ಲ.

"ಅಡುಗೇಲಿ ಹಾಕೋ ಬೆಳ್ಳುಳ್ಳಿಗೆ ನಾವು ಇಷ್ಟು ಯೋಚನೆ ಮಾಡಲ್ಲ ಹಾಜಿ. ದಿನಾ ಹಸೀದು ಇಷ್ಟೊಂದು ಅಂದ್ರೆ ಬೇರೆ. ರಕ್ತ ಹೆಪ್ಪುಗಟ್ಟೋದು ತಡ ಆಗ್ಬಹುದು. ನಿಮ್ಮದಾದ್ರೂ ಸಣ್ಣ ಆಪರೇಷನ್ನು. ಈ ಅಮ್ಮನಿಗೆ..." ಮನ್ನೂಬಿಯಾಳ ಮುಖ ನೋಡಿ ಅವಳು ಮಾತು ನಿಲ್ಲಿಸಿ, "ಬಂದು ಹೇಳಿದ್ದು ಒಳ್ಳೇದಾಯ್ತು," ಎಂದಷ್ಟೇ ಮುಗಿಸಿದಳು.

ಡಾಕ್ಟರನ್ನು ಕೇಳಿ ಬರಲು ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಹಿಂತಿರುಗಿದಳು. ಇಬ್ಬರೂ ಪಾಕವನ್ನು ಎರಡು ವಾರ ಪೂರ್ತಿ ನಿಲ್ಲಿಸಬೇಕು, ಆಮೇಲೆ ರಕ್ತ ಪರೀಕ್ಷೆ, ಅನಂತರವೇ ಆಪರೇಷನ್. ಮನ್ನೂಬಿಯಾಗೆ ಫೆಬ್ರವರಿ ಕೊನೆಯಲ್ಲಿ ಒಂದು ದಿನ ಸಿಕ್ಕಿತು. ಆ ತಿಂಗಳಲ್ಲಿ ಅದೊಂದೇ ಖಾಲಿ ಇದ್ದದ್ದು.

"ಬೇಕಾದ್ರೆ ಅದನ್ನ ನೀವು ತಗೊಳ್ಳಿ ಅಣ್ಣ," ಎಂದಳು ಮನ್ನೂಬಿಯಾ. "ನಿಮಗೆ ಹೂವಿನ ಕೆಲಸ ಇದೆ."

"ಸುಮ್ನೆ ಕೂತ್ಕೋ. ನಿನ್ನ ಮೈಯಲ್ಲಿ ಕಾಯೋಕೆ ರಕ್ತ ಎಲ್ಲಿದೆ?"

ಅವರಿಗೆ ಮಾರ್ಚ್ ಹನ್ನೊಂದು ಸಿಕ್ಕಿತು. ಅಲ್ಲಿಂದ ಆರು ವಾರ ಎಂದರೆ ಏಪ್ರಿಲ್ ಇಪ್ಪತ್ತೆರಡು. ಅಷ್ಟು ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ. ಅವರು ಸರಿ ಎಂದು ತಲೆಯಾಡಿಸಿದರು.

ರಿಹಾಬ್ ಪೆನ್ನು ಕೆಳಗಿಟ್ಟಳು. "ಒಂದು ಮಾತು ಹೇಳಿಕೊಡಿ ಹಾಜಿ. ನಾನು ಕೇಳ್ತೀನಿ, ಎಲ್ಲರೂ ಏನಿಲ್ಲ ಅಂತಾರೆ. ಹೇಗೆ ಕೇಳಿದ್ರೆ ಹೇಳ್ತಾರೆ?"

ಈ ಆಸ್ಪತ್ರೆಯಲ್ಲಿ ಇದುವರೆಗೆ ಅವರನ್ನು ಯಾರೂ ಏನನ್ನೂ ಹೇಳಿಕೊಡಿ ಎಂದು ಕೇಳಿರಲಿಲ್ಲ. ತಿಜಾನಿಯವರು ಗಂಟಲು ಸರಿಮಾಡಿಕೊಂಡರು.

"ಔಷಧಿ ಅಂತ ಕೇಳ್ಬೇಡಮ್ಮ. ಬೆಳಿಗ್ಗೆ ಎದ್ದು ಮೊದಲು ಬಾಯಿಗೆ ಏನು ಹಾಕ್ತೀರಿ ಅಂತ ಕೇಳು. ಮಲಗೋ ಮುಂಚೆ ಏನು ಕುದಿಸಿ ಕುಡೀತೀರಿ ಅಂತ ಕೇಳು. ಗ್ರಂಥಿಗೆ ಅಂಗಡಿಯಿಂದ ಕೊನೇ ಸಲ ಏನು ತಂದ್ರಿ ಅಂತ ಕೇಳು. ಹೆಂಗಸರನ್ನ ಅವರ ಅತ್ತೆ ಎದುರಿಗೆ ಮಾತ್ರ ಕೇಳ್ಬೇಡ."

ಅವಳು ನಗುತ್ತ ಅದನ್ನೆಲ್ಲ ಬರೆದುಕೊಂಡಳು.

ಹೊರಗೆ ಬಂದು, ಮನ್ನೂಬಿಯಾ ನೀರು ಕುಡಿಯಲು ಹೋದಾಗ, ತಿಜಾನಿಯವರು ಗೋಡೆಗೆ ಒರಗಿ ಮನೆಗೆ ಫೋನ್ ಮಾಡಿದರು. ಆದದ್ದನ್ನೆಲ್ಲ ಹೇಳಿದರು.

"ಕೇಳಿಸ್ತಾ? ಈ ವರ್ಷ ಬಟ್ಟಿ ನೀನೇ ಇಳಿಸ್ಬೇಕು."

ಮಹಬೂಬಾ ಕೇಳಿದಳು, "ಹೂವಿನವನಿಗೆ ಎಷ್ಟು ಕಿಲೋ ಹೇಳ್ಲಿ?"