ನಾಯಿಯೊಂದಿಗೆ ಬರುವವರನ್ನು ಬಿಟ್ಟು

"ಉತರ್! ಏ ರೋಟೀವಾಲೀ, ನೀಚೇ ಉತರ್!"

ಹಸಮುಖಭಾಯಿ ಕೂಗಿದ ಹೊಡೆತಕ್ಕೆ ಸೂರತ್ತಿನ ಹಜೀರಾ ಬಂದರಿನಲ್ಲಿ ನಿಂತಿದ್ದ ಎರಡು ಹಡಗು ಹೆದರಿ ಲಂಗರು ಎತ್ತಿದವು. ನಂಬಿಕೆ ಬರದಿದ್ದರೆ ಹಡಗಿನವರನ್ನೇ ಕೇಳಿ. ಎಂಟು ಜನ ಹಿಡಿಸುವ ಲಿಫ್ಟಿನಲ್ಲಿ ಇದ್ದವಳು ನನ್ನಕ್ಕ ಪದ್ಮಾವತಿ ಒಬ್ಬಳೇ. ಆದರೂ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಹಸಮುಖಭಾಯಿ, ಒಳಗೆ ಹುಲಿ ಹೊಕ್ಕಿದೆಯೇನೋ ಎಂಬಂತೆ ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ಸಾಬ್, ಘುಟನಾ..." ಎಂದು ಅಕ್ಕ ಸೀರೆಯನ್ನು ಗೇಣು ಎತ್ತಿ ಮೊಣಕಾಲು ತೋರಿಸಿದಳು. ಕಲ್ಲಂಗಡಿಯಂತೆ ಊದಿತ್ತು. ಸಣ್ಣ ಕಲ್ಲಂಗಡಿಯಲ್ಲ, ಮದುವೆ ಮನೆಗೆ ತರುವಂಥದ್ದು.

ಗಣಪತಿ ಫೋಟೋ ಇರುವ ಲಿಫ್ಟಿನಲ್ಲಿ ಕಾಲು ತೋರಿಸುತ್ತೀಯಾ, ನಿಮ್ಮ ಬೆವರಿನ ನಾತ ಕನ್ನಡಿಗೆ ಅಂಟಿದರೆ ಫಿನೈಲ್ ಹಾಕಿದರೂ ಹೋಗುವುದಿಲ್ಲ ಎಂದರು ಹಸಮುಖಭಾಯಿ. ಅರ್ಧ ಹಿಂದಿ, ಅರ್ಧ ಗುಜರಾತಿ. ನಾನು ಕನ್ನಡಕ್ಕೆ ತಂದಿದ್ದರಿಂದ ಖಾರ ಸ್ವಲ್ಪ ಕಡಿಮೆಯಾಗಿದೆ.

"ನಿನ್ನ ಬಾಯಾಗ ಹುಳಾ ಬೀಳ್ಲಿ, ಭಾಡ್ಯಾ," ಎಂದು ಅಕ್ಕ ನಗುನಗುತ್ತಾ ಕೈಮುಗಿದು ಇಳಿದಳು. ಕನ್ನಡ ಬಾರದ ಹಸಮುಖಭಾಯಿ ಅದನ್ನು ಕ್ಷಮೆ ಎಂದುಕೊಂಡು, "ಠೀಕ್ ಹೈ, ಠೀಕ್ ಹೈ," ಎಂದರು.

ಅದೇ ಹೊತ್ತಿಗೆ ನಾನು ವಾಫಲ್‌ನನ್ನು ಹಿಡಿದುಕೊಂಡು ಹುಲ್ಲುಹಾಸಿನಿಂದ ಬಂದೆ. ಸೆಕ್ರೆಟರಿಯ ಮುಖದಲ್ಲಿ ಸೂರ್ಯ ಹುಟ್ಟಿದ. "ಆವೋ ಆವೋ, ವಾಫಲ್ ಬೇಟಾ!" ಎಂದು ತಾವೇ ಹದಿನಾಲ್ಕನೇ ಮಹಡಿಯ ಗುಂಡಿ ಒತ್ತಿ, ನಾಯಿಯ ಬಾಲ ಬಾಗಿಲಿಗೆ ಸಿಕ್ಕದಂತೆ ಕೈ ಅಡ್ಡ ಹಿಡಿದರು. ಬಾಗಿಲು ಮುಚ್ಚುವಾಗ ಕಂಡದ್ದು ಇಷ್ಟು: ಅಕ್ಕ ಗೋಡೆ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಇನ್ನು ಮುನ್ನೂರ ಏಳು ಉಳಿದಿದ್ದವು.

ಕೆಲಸದವರಿಗೆಂದು ಹಿಂದೆ ಒಂದು ಲಿಫ್ಟಿದೆ. ನಾಲ್ಕು ತಿಂಗಳಿಂದ ಅದಕ್ಕೆ ಜೀವವಿಲ್ಲ. ರಿಪೇರಿಗೆ ದುಡ್ಡಿಲ್ಲವಂತೆ. ಮುಂದಿನ ಲಿಫ್ಟಿನ ಪಕ್ಕದಲ್ಲಿ ಮಾತ್ರ ಹಿತ್ತಾಳೆಯ ಫಲಕವಿದೆ, ಬಂಗಾರದಂತೆ ಹೊಳೆಯುತ್ತದೆ. "ಕೆಲಸದವರಿಗೆ ಪ್ರವೇಶವಿಲ್ಲ, ನಾಯಿಯೊಂದಿಗೆ ಬರುವವರನ್ನು ಬಿಟ್ಟು" ಎಂದು ಮೂರು ಭಾಷೆಗಳಲ್ಲಿ ಕೆತ್ತಿಸಿದ್ದಾರೆ. ನಾಯಿಗೆ ಓದಲು ಬಂದರೆ ಅನುಕೂಲವಾಗಲಿ ಎಂದಿರಬೇಕು.

ನಾನು ಲಿಂಗರಾಜ, ಶಹಾಪುರದ ಕಡೆಯವನು. ಪಾಂಡೇಸರಾದ ಬಣ್ಣದ ಮಿಲ್ಲಿನಲ್ಲಿ ಹನ್ನೊಂದು ವರ್ಷ ದುಡಿದವನು. ಸೋಮವಾರ ಹಸಿರು ಬೆವರುತ್ತಿದ್ದೆ, ಮಂಗಳವಾರ ಗುಲಾಬಿ. ಅಲ್ಲಿಂದ ನನ್ನನ್ನು ಎತ್ತಿ ತಂದವರು ಸತ್ಯಪ್ರಕಾಶ ಸಾಹೇಬರು. ಹಜೀರಾದ ಕಂಪನಿಯೊಂದರಲ್ಲಿ ದೊಡ್ಡ ಅಧಿಕಾರಿ, ಮೈಸೂರಿನವರು. "ನಮ್ಮ ನಾಯಿ ಕನ್ನಡ ಕೇಳ್ಕೊಂಡು ಬೆಳೀಬೇಕು ಕಣಯ್ಯ," ಎಂದಿದ್ದರು. ಮಗಳು ಮನಸ್ವಿನಿಗೆ ಕನ್ನಡ ಬರಲಿಲ್ಲ, ನಾಯಿಗಾದರೂ ಬರಲಿ ಎಂಬ ಆಸೆ. ಅವರ ಆಸೆ ನಾನು ಹುಸಿ ಮಾಡಲಿಲ್ಲ. ಶಹಾಪುರ ತಾಲ್ಲೂಕಿನ ಅಷ್ಟೂ ಬೈಗುಳ ಈಗ ಆ ನಾಯಿಗೆ ಬಾಯಿಪಾಠ. "ಹಲ್ಕಟ್" ಎಂದರೆ ಕೂರುತ್ತದೆ. "ಭಾಡ್ಯಾ" ಎಂದರೆ ಕೈ ಕೊಡುತ್ತದೆ.

ಮನೆಯವರಿಗೆ ಅದು ವಾಫಲ್. ನಾನು ಕರೆಯುವುದು ಸಾವ್ಕಾರ್ರು ಎಂದು. ಮತ್ತೇನೆಂದು ಕರೆಯಲಿ? ಬೆಳಿಗ್ಗೆ ಸಮುದ್ರದ ಮೀನಿನ ಎಣ್ಣೆ, ಮಧ್ಯಾಹ್ನ ಮೂಳೆ ಬಿಡಿಸಿದ ಕೋಳಿ, ವಾರಕ್ಕೊಮ್ಮೆ ಮನೆ ಬಾಗಿಲಿಗೇ ಬರುವ ಸ್ನಾನದ ವ್ಯಾನು. ಕೀಲು ಸಡಿಲಗೊಳ್ಳಲು ಬೆಚ್ಚನೆಯ ನೀರಿನ ಕೊಳದಲ್ಲಿ ಈಜು, ಅದಕ್ಕೊಬ್ಬ ಮೇಷ್ಟ್ರು. ಮಲಗಲು ಬೇರೆ ಎ.ಸಿ. ತಿಂಗಳಿಗೆ ನಲವತ್ತು ಸಾವಿರ ಖರ್ಚು. ಈ ಇಡೀ ಕಥೆಯಲ್ಲಿ ನಾನು ಉಬ್ಬಿಸದೇ ಇರುವ ಮಾತು ಇದೊಂದೇ. ಉಬ್ಬಿಸಲು ಜಾಗವೇ ಇರಲಿಲ್ಲ.

ಅಕ್ಕನೂ ಅದೇ ಮನೆಗೆ ರೊಟ್ಟಿ ಬಡಿಯಲು ಬರುವವಳು. ಸಾಹೇಬರಿಗೆ ಸಕ್ಕರೆ ಕಾಯಿಲೆ, ಜೋಳದ ರೊಟ್ಟಿಯೇ ಆಗಬೇಕು. ಏಳೂ ಕಾಲಿಗೆ ಕಂಪನಿಯ ಬಸ್ಸು, ಆರೂವರೆಗೆ ತಟ್ಟೆಯಲ್ಲಿ ಬಿಸಿ ರೊಟ್ಟಿ.

ಆ ದಿನ ಅಕ್ಕ ಹದಿನಾಲ್ಕನೇ ಮಹಡಿ ಮುಟ್ಟಿದಾಗ ಆರೂ ಐವತ್ತು.

"ಏನ್ ಪದ್ಮಾವತಿ, ಟೈಮ್ ನೋಡಿದ್ಯಾ?" ಎಂದರು ವೇದಾ ಮೇಡಂ.

"ಮೆಟ್ಲ ಹತ್ತಿ ಬಂದೀನ್ರಿ ಅವ್ವಾರ. ಮೊಣಕಾಲ ಮಡಚವಲ್ದು. ಮುಂದಿನ ಲಿಫ್ಟಿಗಿ ಒಂದು ಚೀಟಿ ಬರ್ದು ಕೊಟ್ರ..."

"ರೂಲ್ ಅಂದ್ರೆ ರೂಲು," ಎಂದ ಸಾಹೇಬರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ನಾಯಿಯ ಮೊಣಕಾಲು ನೀವುತ್ತಿದ್ದರು. "ಕಮಿಟೀಲಿ ಅದನ್ನ ಬರೆದವನೇ ನಾನು. ನಾನೇ ಮುರಿಯಕ್ಕಾಗುತ್ತಾ? ಲೋ ಲಿಂಗರಾಜ, ಇವನನ್ನ ಮೆಟ್ಟಿಲು ಹತ್ತಿಸಿಲ್ಲ ತಾನೆ?"

"ಇಲ್ರಿ ಸಾಹೇಬ್ರ."

"ಹತ್ತಿಸಲೇಬೇಡ. ಒಂದೊಂದು ಮೆಟ್ಟಿಲೂ ಕೀಲಿಗೆ ವಿಷ ಅಂದಿದಾರೆ ಡಾಕ್ಟರು."

ಅಕ್ಕ ಒಂಟಿ ಕಾಲ ಮೇಲೆ ನಿಂತು ಹಿಟ್ಟು ನಾದುತ್ತಿದ್ದಳು.

ಸಂಜೆ ಪಾಂಡೇಸರಾದ ನಮ್ಮ ಖೋಲಿಯಲ್ಲಿ ನಾನು ಕಾಗದದ ಪೊಟ್ಟಣ ಬಿಚ್ಚಿದೆ. ಸಾವ್ಕಾರರ ಡಬ್ಬಿಯಿಂದ ಎತ್ತಿದ ಕೀಲುನೋವಿನ ಪುಡಿ. ಆ ಡಬ್ಬಿಯೊಂದರ ಬೆಲೆಗೆ ಅಕ್ಕ ಇಪ್ಪತ್ತು ದಿನ ರೊಟ್ಟಿ ಬಡಿಯಬೇಕು.

"ಹಾಲಿನ್ಯಾಗ ಹಾಕ್ಕೊಂಡು ಕುಡಿಯಕ್ಕ. ಆ ಮುದಿ ನಾಯಿ ಕುದುರಿ ಆಗ್ಯಾದ."

"ನಾಳಿ ನಾ ಬೊಗಳ್ಲಕ್ ಸುರು ಮಾಡಿದ್ರ?"

"ಬೊಗಳಿದ್ರ ಭಾಳ ಚಲೋ. ಹಸಮುಖಭಾಯಿ ತಾನೇ ಲಿಫ್ಟಿನ್ಯಾಗ ಕುಂದ್ರಿಸಿ ಕಳಸ್ತಾನ."

ಅಕ್ಕ ನಗಲಿಲ್ಲ. ಊದಿದ ಮೊಣಕಾಲಿಗೆ ಉಪ್ಪಿನ ಶಾಖ ಕೊಡುತ್ತಾ, "ತಮ್ಮಾ, ಆ ಬೋರ್ಡಿನ್ಯಾಗ ಏನ್ ಬರ್ದಾರ? ಇನ್ನೊಮ್ಮಿ ಹೇಳು," ಎಂದಳು.

ಹೇಳಿದೆ.

"ನಾಯಿ ಜೋಡಿ ಎಷ್ಟು ಮಂದಿ ಅಂತ ಬರ್ದಾರೇನು?"

ಬರೆದಿರಲಿಲ್ಲ. ಈ ಉಪಾಯ ನನ್ನದೇ ಎಂದು ಇಡೀ ಸೂರತ್ತಿಗೆ ನಾನು ಹೇಳಿಕೊಂಡು ತಿರುಗಿದ್ದೇನೆ. ನೀವೂ ಹಾಗೆಯೇ ತಿಳಿಯಿರಿ.

ಮರುದಿನ ನಾನು ಎಂದಿನಂತೆ ಮೆಟ್ಟಿಲು ಹತ್ತಿಹೋಗಿ ಸಾವ್ಕಾರರನ್ನು ಕೆಳಗಿಳಿಸಿದೆ. ವಾಪಸ್ ಹೋಗುವಾಗ ಹಗ್ಗ ನನ್ನ ಕೈಯಲ್ಲಿ, ಸಾವ್ಕಾರರ ನೀರಿನ ಬಾಟಲಿ ಅಕ್ಕನ ಕೈಯಲ್ಲಿ. ಗಾರ್ಡು ಫಲಕ ನೋಡಿದ, ನಾಯಿ ನೋಡಿದ, ಬಾಟಲಿ ನೋಡಿದ, ಸಲಾಮು ಹೊಡೆದ. ಅಕ್ಕ ಆರೂ ಹತ್ತಕ್ಕೆ ಒಲೆಯ ಮುಂದಿದ್ದಳು.

ಆ ಟವರಿಗೆ ಕೆಲಸಕ್ಕೆ ಬರುವ ಹೆಂಗಸರು ಹನ್ನೊಂದು ಜನ. ಒಡಿಶಾದವರು, ಮರಾಠಿಯವರು, ಡಾಂಗ್ ಕಾಡಿನ ಕಡೆಯವರು. ಒಂದು ವಾರದೊಳಗೆ ಒಬ್ಬಳ ಕೈಯಲ್ಲಿ ಸಾವ್ಕಾರರ ಟವೆಲ್ಲು, ಒಬ್ಬಳ ಕೈಯಲ್ಲಿ ಬಾಚಣಿಗೆ, ಒಬ್ಬಳ ಕೈಯಲ್ಲಿ ಕೊಡೆ, ಹೇಲು ಎತ್ತುವ ಚೀಲಕ್ಕಂತೂ ಜಗಳ. ದಸರೆಯ ಅಂಬಾರಿ ಹೊರಟಂತೆ ನಮ್ಮ ಸವಾರಿ ಹೊರಡುತ್ತಿತ್ತು. ಬೆಳಿಗ್ಗೆ ಏಳು ಸಲ, ಮಧ್ಯಾಹ್ನ ಏಳು ಸಲ. ಸಾವ್ಕಾರರಿಗೂ ಖುಷಿ. ಹೆಂಗಸರು ಸೆರಗಿನಲ್ಲಿ ಕಟ್ಟಿ ತರುತ್ತಿದ್ದ ತಂಗಳು ರೊಟ್ಟಿ ತಿಂದು, ಮೀನಿನ ಎಣ್ಣೆ ಮೂಸುವುದನ್ನೇ ಬಿಟ್ಟರು.

ಒಂದೇ ಒಂದು ಸಂಗತಿ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ನಾಯಿ ಲಿಫ್ಟು ಹತ್ತುವಾಗಲೆಲ್ಲ ಗಾರ್ಡು ಅದರ ಕೊರಳಿನ ಬಿಲ್ಲೆಗೆ ಮೊಬೈಲು ಹಿಡಿಯುತ್ತಿದ್ದ. ತಕ್ಷಣ ವೇದಾ ಮೇಡಂ ಮೊಬೈಲಿಗೆ ಸುದ್ದಿ ಹೋಗುತ್ತಿತ್ತು.

"ರೀ, ವಾಫಲ್ ದಿನಕ್ಕೆ ಹದಿನಾಲ್ಕು ಸಲ ಹೊರಗೆ ಹೋಗ್ತಿದಾನೆ!"

ಸಾಹೇಬರ ಮುಖ ಬಿಳಿಚಿಕೊಂಡಿತು. "ಹದಿನಾಲ್ಕು ಸಲ ಉಚ್ಚೆನಾ? ಅಯ್ಯೋ ವೇದಾ, ನನ್ನ ಸಕ್ಕರೆ ಕಾಯಿಲೆ ಇವನಿಗೂ ಬಂದ್ಬಿಡ್ತಲ್ಲೇ!" ಎಂದು ನಾಯಿಯನ್ನು ತಬ್ಬಿ ಅತ್ತೇಬಿಟ್ಟರು. ವಂಶದ ಕಾಯಿಲೆ ಮಗನಿಗೆ ದಾಟಿಸಿದ ಅಪ್ಪನೂ ಹಾಗೆ ಅತ್ತಿರಲಾರ.

ಅಲ್ಲಿಂದ ಶುರುವಾಯಿತು ತೀರ್ಥಯಾತ್ರೆ. ಸೂರತ್ತಿನಲ್ಲಿ ರಕ್ತ, ಉಚ್ಚೆ. ವಡೋದರಾದಲ್ಲಿ ಹೊಟ್ಟೆಯ ಫೋಟೋ. ಅಲ್ಲಿನ ಮಕರಪುರದ ಇಡೀ ಕಾರ್ಖಾನೆಯನ್ನೇ ಕೊಂಡುಹೋಗಿ ಆಸ್ಪತ್ರೆಯಲ್ಲಿಟ್ಟಂತಿತ್ತು ಆ ಯಂತ್ರ. ಕೊನೆಗೆ ಅಹಮದಾಬಾದಿನ ದೊಡ್ಡ ಡಾಕ್ಟರು. ಮೂರು ದಿನ ಎ.ಸಿ. ಕಾರು, ಹೋಟೆಲು. ಹಿಂದಿನ ಸೀಟಿನಲ್ಲಿ ಸಾಹೇಬರು, ಮೇಡಂ, ನಡುವೆ ಸಾವ್ಕಾರರು, ಮುಂದೆ ಬಾಟಲಿ ಹಿಡಿದು ನಾನು.

ದೊಡ್ಡ ಡಾಕ್ಟರು ನನ್ನನ್ನೇ ಕೇಳಿದರು. "ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ?"

"ಮೂರು, ಸಾಬ್."

"ಮತ್ತೆ ಹದಿನಾಲ್ಕು ಸಲ ಹೊರಗೆ ಏಕೆ ಹೋಗುತ್ತದೆ?"

ಆ ಆಸ್ಪತ್ರೆಯ ಚಾವಣಿ ಬಹಳ ಚೆನ್ನಾಗಿತ್ತು. ನಾನು ಅದನ್ನೇ ನೋಡಿದೆ. ಸಾಹೇಬರು ನನ್ನನ್ನು ನೋಡಿದರು.

ಈ ಮೂರು ದಿನ, ನಾಯಿ ಇಲ್ಲದ ಟವರಿನಲ್ಲಿ, ಅಕ್ಕ ಮನಸ್ವಿನಿಗೆ ಅಡುಗೆ ಮಾಡಲು ಮೆಟ್ಟಿಲು ಹತ್ತಿದ್ದಳು. ಮೂರನೇ ದಿನ ಒಂಬತ್ತನೇ ಮಹಡಿಯಲ್ಲಿ ಕಾಲು ಬೀಗ ಹಾಕಿದಂತೆ ನಿಂತುಬಿಟ್ಟಿತು. ಉಳಿದ ಐದು ಮಹಡಿಗಳನ್ನು ಕೂತುಕೊಂಡೇ, ಮೆಟ್ಟಿಲಿಗೆ ಬೆನ್ನು ಮಾಡಿ, ಅಂಡಿನ ಮೇಲೆ ಏರಿದಳು. ಇದನ್ನು ನಾನು ಉಬ್ಬಿಸಿ ಹೇಳಬಹುದಿತ್ತು. ಮನಸ್ಸಾಗುತ್ತಿಲ್ಲ.

ಊರಿಗೆ ಮರಳಿದ ಸಂಜೆಯೇ ಲಾಬಿಯಲ್ಲಿ ಹನ್ನೊಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಹಸಮುಖಭಾಯಿ ದೊಡ್ಡ ಟೀವಿಯಲ್ಲಿ ಕ್ಯಾಮೆರಾದ ಚಿತ್ರ ಹಾಕಿದರು. ಟವೆಲ್ಲು, ಕೊಡೆ, ಬಾಚಣಿಗೆ, ನಮ್ಮ ಅಂಬಾರಿ. ನಾನಂತೂ ಅದರಲ್ಲಿ ಬಹಳ ಚೆನ್ನಾಗಿ ಕಾಣುತ್ತಿದ್ದೆ.

"ಎಂಬತ್ತಾರು ಸಾವಿರ ಹೋಯ್ತು," ಎಂದರು ಸಾಹೇಬರು. "ದುಡ್ಡು ಹಾಳಾಗ್ಲಿ. ಮಗೂಗೆ ಒಂಬತ್ತು ಸೂಜಿ ಚುಚ್ಚಿಸಿದ್ರಲ್ಲೋ! ಮನುಷ್ಯರಾ ನೀವು? ಥೂ! ಅನ್ನ ಹಾಕಿದ ಕೈಗೇ... ಲಿಂಗರಾಜ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ವಾಫಲ್‌ನ ನಾನೇ ತಿರುಗಾಡಿಸ್ತೀನಿ."

"ಸಾಹೇಬ್ರ," ಎಂದಳು ಅಕ್ಕ, "ಎಂಬತ್ತಾರು ಸಾವಿರದಾಗ ಆ ಹಿಂದಿನ ಲಿಫ್ಟ್ ರಿಪೇರಿ ಆಗ್ತಿತ್ತೇನ್ರಿ?"

"ಬಾಯಿ ಮುಚ್ಚು! ಕಾಲು ನೋವಾದ್ರೆ ಕೆಲಸ ಬಿಡು. ಬೇಕು ಅಂದ್ರೆ ನಾಳೆ ಆರೂವರೆಗೆ ತಟ್ಟೇಲಿ ರೊಟ್ಟಿ ಇರ್ಬೇಕು. ಒಂದು ನಿಮಿಷ ತಡ ಆದ್ರೂ ಬೇರೆಯವಳು ಬರ್ತಾಳೆ."

ನನ್ನ ಕೆಲಸ ಹೋಗಿತ್ತು. ಅಕ್ಕನದೂ ಹೋದರೆ ಖೋಲಿಯಲ್ಲಿ ಒಲೆ ಹಚ್ಚಲು ಕಾರಣವೇ ಇರುತ್ತಿರಲಿಲ್ಲ.

ಅಕ್ಕನೂ ನಾನೂ ಬಸ್ಸು ಹತ್ತಿದೆವು. ಪಾಂಡೇಸರಾದ ತಿರುವಿನಲ್ಲಿ ಇಳಿದಾಗ ನಮ್ಮ ಕೇರಿಯ ನಾಯಿಗಳು ಓಡಿಬಂದವು. ಯಾವುದೋ ಮಿಲ್ಲಿನ ಮೋರಿಯಲ್ಲಿ ಹೊರಳಿ ಒಂದು ಹಸಿರು, ಒಂದು ನೀಲಿ, ಕಿವಿ ಹರಿದದ್ದೊಂದು ಗುಲಾಬಿ.

"ತಮ್ಮಾ, ಆ ಬೋರ್ಡ್ ತಗದಾರೇನು?"

"ಇಲ್ಲಕ್ಕ. ಹಿತ್ತಾಳಿದು, ಗ್ವಾಡಿಗಿ ಕೂಡ್ಸ್ಯಾರ."

"ಯಾರ ನಾಯಿ ಅಂತ ಬರ್ದಾರೇನು?"

ಮರುದಿನ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಸೂರತ್ತಿನ ಇತಿಹಾಸದಲ್ಲೇ ಕಾಣದ ಮೆರವಣಿಗೆಯೊಂದು ಟೆಂಪೋದಿಂದ ಇಳಿಯಿತು. ಹನ್ನೊಂದು ಹೆಂಗಸರು, ಹನ್ನೊಂದು ನಾಯಿ. ಹಳೇ ಸೀರೆಯ ಅಂಚಿನ ಹಗ್ಗ. ಹೋಳಿ ಹಬ್ಬ ಆಡಿ ಬಂದಂತಿದ್ದವು. ಕಜ್ಜಿಯವು, ಕುಂಟುವವು. ಗುಲಾಬಿ ನಾಯಿಯ ಹಗ್ಗ ಅಕ್ಕನ ಕೈಯಲ್ಲಿತ್ತು.

ಗಾರ್ಡು ಫಲಕವನ್ನು ಮೂರೂ ಭಾಷೆಗಳಲ್ಲಿ ಓದಿದ. ನಾಲ್ಕನೆಯ ಮಹಡಿಯಲ್ಲಿ ಪಾತ್ರೆ ತೊಳೆಯುವವಳು ಅವನ ಹೆಂಡತಿ. ಅವಳ ಕೈಯಲ್ಲಿದ್ದ ನೀಲಿ ನಾಯಿಯನ್ನು ನೋಡಿ ಮೀಸೆಯೊಳಗೆ ನಕ್ಕು, ಲಿಫ್ಟಿನ ಬಾಗಿಲು ತೆರೆದು ಹಿಡಿದ. ಮೊದಲ ತಂಡದಲ್ಲಿ ಆರು ಹೆಂಗಸರು, ಆರು ನಾಯಿ, ನಾನು ಹೊಕ್ಕೆವು.

ಅಷ್ಟರಲ್ಲಿ ಹುಲ್ಲುಹಾಸಿನಿಂದ ಸಾಹೇಬರು ಬಂದರು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹೇಲಿನ ಚೀಲ. ಸಾವ್ಕಾರರು ನನ್ನನ್ನು ಕಂಡವರೇ ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿ, ಹಸಿರು ನಾಯಿಯ ಪಕ್ಕದಲ್ಲಿ ಒತ್ತಿಕೊಂಡು ನಿಂತರು.

"ಏನಿದು? ಏನೇ ಇದು? ವಾಫಲ್, ಕಮ್! ಕಮ್ ಹಿಯರ್!"

ಸಾವ್ಕಾರರಿಗೆ ಇಂಗ್ಲಿಷ್ ಬರುವುದಿಲ್ಲ.

"ಹಲ್ಕಟ್," ಎಂದೆ ನಾನು ಮೆತ್ತಗೆ. ಕೂತರು.

ಸಾಹೇಬರು ಹಲ್ಲು ಕಚ್ಚಿ ಒಳಗೆ ಒಂದು ಕಾಲಿಟ್ಟರು. ಲಿಫ್ಟು ಕುಂಯ್ ಎಂದು ಕೂಗತೊಡಗಿತು. ತೂಕ ಹೆಚ್ಚಾಗಿತ್ತು.

"ಇಳೀರಿ ಎಲ್ಲಾ!"

ಯಾರೂ ಅಲುಗಲಿಲ್ಲ. ಹನ್ನೆರಡು ಜೊತೆ ಕಣ್ಣುಗಳು, ಏಳು ಜೊತೆ ನಾಯಿಕಣ್ಣುಗಳು, ಅವರ ಬಿಳಿ ಬೂಟನ್ನೇ ನೋಡುತ್ತಿದ್ದವು. ಸುಳ್ಳೇಕೆ, ನಮ್ಮವು ಏಳೇ ಜೊತೆ ಇದ್ದವು, ಆದರೆ ಹೊರಗೆ ಸರದಿಯಲ್ಲಿ ನಿಂತ ಐವರೂ ನೋಡುತ್ತಿದ್ದರು.

"ಕಡೀಗಿ ಬಂದವ್ರು ನೀವಾ ಅಲ್ರೀ ಸಾಹೇಬ್ರ," ಎಂದಳು ಅಕ್ಕ. "ಇಳೀರಿ. ಆರೂ ಇಪ್ಪತ್ನಾಕ ಆಗ್ಯಾದ. ನಿಮ್ಮ ರೊಟ್ಟಿಗಿ ತಡಾ ಆಗ್ತದ."

"ನಾನು ಮೆಟ್ಟಿಲು ಹತ್ಬೇಕಾ? ನಾನು?"

"ಮೆಟ್ಲ ನಾಯಿಗಿ ಆಗಿಬರಂಗಿಲ್ಲಂತ ಡಾಕ್ಟರ್ ಹೇಳ್ಯಾರ್ರಿ. ಮನಶಾರಿಗಿ ಏನೂ ಹೇಳಿಲ್ಲ."

ಲಿಫ್ಟು ಕೂಗುತ್ತಲೇ ಇತ್ತು. ಸಾಹೇಬರ ಒಂದು ಕಾಲು ಒಳಗೆ, ಒಂದು ಹೊರಗೆ. ಗುಲಾಬಿ ನಾಯಿ ಅಕ್ಕನ ಸೀರೆಯ ಮರೆಯಿಂದ ಮುಂದೆ ಬಂದು, ಆ ಬಿಳಿ ಬೂಟನ್ನು ಎರಡು ಸಲ ಮೂಸಿ, ನಿಧಾನವಾಗಿ ಹಿಂಗಾಲು ಎತ್ತಿತು.